ದೊರೆಚೀಲದ ಸವಾರಿ

ಹೆತ್ತ ತಾಯಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಹೊಸೂರು ತೋರಿಸಿದ ಮಗ ಅಂತ ಚೆನ್ನಕೇಶವನ ಹೆಸರು ಆ ವರ್ಷ ಬಾಗಲೂರಿನವರೆಗೂ ಹಬ್ಬಿತ್ತು. ಹಬ್ಬಲಿ ಬಿಡಿ, ಊರ ಬಾಯಿಗೆ ಮುಚ್ಚಳ ಹಾಕೋಕಾಗುತ್ತಾ? ಹೊತ್ತದ್ದನ್ನು ಎಲ್ಲರೂ ಕಣ್ತುಂಬ ನೋಡಿದರು, ಯಾಕಪ್ಪಾ ಹೊತ್ತೆ ಅಂತ ಒಬ್ಬನೂ ಕೇಳಲಿಲ್ಲ. ಹೊತ್ತವನಿಗೆ ಅದು ಗೊತ್ತಿತ್ತು. ಹೊರಿಸಿಕೊಂಡ ಅಕ್ಕಯಮ್ಮನಿಗೂ ಬಹಳ ಬೇಗ ಗೊತ್ತಾಯಿತು.

ಹೊತ್ತದ್ದು ಒಂದು ಚೀಲದಲ್ಲಿ. ಚೀಲ ಅಂದರೆ ಸಂತೆಯ ಕೈಚೀಲ ಅಂದುಕೊಳ್ಳಬೇಡಿ. ಅದು ಬೇಟೆಚೀಲ. ಬೆಂಗಳೂರು ದಂಡಿನಲ್ಲಿದ್ದ ಒಬ್ಬ ಬಿಳಿ ದೊರೆ ಜವಳಗಿರಿ ಕಾಡಿಗೆ ಶಿಕಾರಿಗೆ ಬರುತ್ತಿದ್ದ ಕಾಲದಲ್ಲಿ ಚೆನ್ನಕೇಶವ ಅವನ ಹಿಂದೆ ಅದನ್ನು ಹೊತ್ತು ತಿರುಗಿದವನು. ಹಸಿರು ಕ್ಯಾನ್ವಾಸು, ಅಂಗೈ ಅಗಲದ ಚರ್ಮದ ಪಟ್ಟಿಗಳು, ಹಿತ್ತಾಳೆ ಬಕಲು, ರಕ್ತ ಸೋರಿ ಹೋಗಲಿ ಅಂತ ತಳದಲ್ಲಿ ನಾಲ್ಕು ತೂತು. ಕಾಲು ಮಡಿಸಿದರೆ ಒಂದು ಇಡೀ ಜಿಂಕೆ ಒಳಗೆ ಕೂರುತ್ತಿತ್ತು. ಎಪ್ಪತ್ತೆರಡರಲ್ಲಿ ಸರ್ಕಾರ ಶಿಕಾರಿ ನಿಲ್ಲಿಸಿದ ಮೇಲೆ ದೊರೆ ಮನೆ ಮಾರಿ ಹೊರಟುಹೋದ. ಬೂಟು ಅಡಿಗೆಯವನಿಗೆ, ಚೀಲ ಚೆನ್ನಕೇಶವನಿಗೆ. ಆಮೇಲೆ ಒಂಬತ್ತು ವರ್ಷ ನಮ್ಮ ಮಹಾರಾಯ ಎಲ್ಲಿಗೆ ಹೋದರೂ ಅದೇ ಚೀಲ. ಬೆಳಗ್ಗೆ ಹೊಸೂರಿಗೆ ಹೋಗಿ ಸಾಯಂಕಾಲ ಬರೋ ದಾರಿ, ತರೋದು ಅರ್ಧ ಸೇರು ಉಪ್ಪು, ಒಂದು ಕಟ್ಟು ಬೀಡಿ. ಬೆನ್ನ ಮೇಲೆ ಮಾತ್ರ ಜಿಂಕೆ ಹಿಡಿಯೋ ಚೀಲ. ಬಸ್ಸಿನಲ್ಲಿ ಪಕ್ಕದವರ ಮೂಗಿಗೆ ಬಡಿಯುತ್ತಿತ್ತು, ಜನ ಬೈಯುತ್ತಿದ್ದರು, ಇವನಿಗೆ ಅದೇ ಠೀವಿ.

ಅಕ್ಕಯಮ್ಮ ಅವನ ತಾಯಿ. ಎಪ್ಪತ್ತು ದಾಟಿತ್ತು. ಅಟ್ಟದ ಏಣಿಯಿಂದ ಬಿದ್ದು ಸೊಂಟ ಮುರಿದು ನಾಲ್ಕು ವರ್ಷ. ನಾಟಿ ವೈದ್ಯ ಮೊಟ್ಟೆ ಹಚ್ಚಿ ಬಿದಿರು ಕಟ್ಟಿದ, ಹುಂಜ ತಿಂದ, ಹೋದ. ಸೊಂಟ ಕೂಡಲಿಲ್ಲ. ಸೊಸೆ ಮುನಿರತ್ನಮ್ಮ ಬೆಳಗ್ಗೆ ಅವಳನ್ನು ಎತ್ತಿ ಜಗಲಿ ಮೇಲೆ ಹಾಕುತ್ತಿದ್ದಳು, ಸಂಜೆ ಒಳಗೆ ಹಾಕುತ್ತಿದ್ದಳು, ರಾಗಿ ಒಣಗಹಾಕಿ ಎತ್ತಿದ ಹಾಗೆ. ಮಳೆ ಬಂದರೆ ರಾಗಿಯನ್ನ ಮೊದಲು ಎತ್ತುತ್ತಿದ್ದಳು, ಅತ್ತೆಯನ್ನ ಆಮೇಲೆ. ನಾಲ್ಕು ವರ್ಷ ಅಕ್ಕಯಮ್ಮ ಕಂಡದ್ದು ಎದುರು ಮನೆ ಗೋಡೆ, ಆ ಗೋಡೆಗೆ ಒರಗಿ ಕೂತ ತಂಗಿ ಚಿಕ್ಕತಾಯಮ್ಮ, ನಡುವೆ ಹಾದುಹೋಗೋ ಮೇಕೆಗಳು, ಅಷ್ಟೇ. ಅಕ್ಕ ತಂಗಿ ಒಂದೇ ಊರಿಗೆ ಸೊಸೆಯರಾಗಿ ಬಂದವರು. ಒಂದೇ ಅಚ್ಚಿನ ಮುಖ, ಒಂದೇ ಗಿಡ್ಡ ಮೈ. ತಂಗಿಗೆ ಕೋಲೂರಿಕೊಂಡು ನಡೆಯೋಷ್ಟು ಕಾಲಿತ್ತು, ಆದರೆ ನಡೆಸಿಕೊಂಡು ಹೋಗೋರು ಯಾರೂ ಇರಲಿಲ್ಲ.

ಎಂಬತ್ತೊಂದನೇ ಇಸವಿ ಆಷಾಢ ಕಳೆದ ಮೇಲೆ ಒಂದು ದಿನ ಚೆನ್ನಕೇಶವ ಜಗಲಿಗೆ ಬಂದು ತಾಯಿಯ ಪಕ್ಕದಲ್ಲಿ ಕೂತ. ಆ ನಾಲ್ಕು ವರ್ಷದಲ್ಲಿ ಅವನು ಹಾಗೆ ಕೂತದ್ದು ಅದೇ ಮೊದಲು.

"ಅಮ್ಮಾ, ಹೊಸೂರು ನೋಡ್ತೀಯಾ? ಏನ್ ಬೆಳ್ದೈತೆ ಅಂತೀಯಾ! ಫ್ಯಾಕ್ಟ್ರಿ ಮೇಲೆ ಫ್ಯಾಕ್ಟ್ರಿ."

"ಹೆಂಗ್ಲಾ ನೋಡ್ಲಿ? ತೆವಳ್ಕೊಂಡ್ ಬರ್ಲಾ?"

"ದೊರೆ ಚೀಲ ಐತಲ್ಲ."

ಅಕ್ಕಯಮ್ಮ ಬಿದ್ದು ಬಿದ್ದು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಮಗ ನಗುತ್ತಿರಲಿಲ್ಲ. ಅವಳನ್ನ ಎತ್ತಿಕೊಂಡು ಹೋಗಿ ರೇಷ್ಮೆಗೂಡು ತೂಗೋ ತಕ್ಕಡಿಯಲ್ಲಿ ಕೂರಿಸಿದ. ಮೂವತ್ತೊಂದು ಕೆ.ಜಿ. "ಜಿಂಕೆ ಇದಕ್ಕಿಂತ ಭಾರ ಇತ್ತು ಕಣಮ್ಮ" ಅಂದ. ಕತ್ತಿ ತಂದು ಚೀಲದ ಎರಡು ಪಕ್ಕಕ್ಕೂ ಕಾಲು ಬಿಡೋಕೆ ತೂತು ಕೊಯ್ದ, ತಳಕ್ಕೆ ಹಳೇ ಕೌದಿ ಮಡಿಸಿ ಹಾಕಿದ.

ಕಾರಣ ಮರುದಿನ ದಾರಿಯಲ್ಲೇ ಹೇಳಿದ. ಅಕ್ಕಯಮ್ಮನ ಮದುವೆಯಲ್ಲಿ ಅವಳಪ್ಪ ಅರಿಶಿನ ಕುಂಕುಮಕ್ಕೆ ಅಂತ ಅವಳ ಹೆಸರಿಗೆ ಬರೆದುಕೊಟ್ಟ ಎರಡು ಎಕರೆ ಬಾಗಲೂರು ರಸ್ತೆಯಲ್ಲಿತ್ತು. ಅದನ್ನು ತಿಮ್ಮರಾಯಪ್ಪ ಅನ್ನೋನು ಕೊಳ್ಳುತ್ತಾನಂತೆ, ಫ್ಯಾಕ್ಟರಿ ಕೆಲಸಗಾರರಿಗೆ ಸಾಲುಮನೆ ಕಟ್ಟಿ ಬಾಡಿಗೆಗೆ ಬಿಡುತ್ತಾನಂತೆ. ಆ ದುಡ್ಡಲ್ಲಿ ಚೆನ್ನಕೇಶವ ಮೆಟಡಾರ್ ವ್ಯಾನು ತಗೊಂಡು ಬೆಂಗಳೂರಿಗೆ ತರಕಾರಿ ಹೊಡೀತಾನಂತೆ. ಹೊಸೂರಿನ ರಿಜಿಸ್ಟ್ರಾರ್ ಕಛೇರಿಯಲ್ಲಿ ಅಕ್ಕಯಮ್ಮ ಖುದ್ದು ಕೂತು ಹೆಬ್ಬೆಟ್ಟು ಒತ್ತಬೇಕು.

"ನಂಗ್ಯಾಕ್ಲಾ ಭೂಮಿ? ತಲೆ ಮೇಲೆ ಹೊತ್ಕೊಂಡ್ ಹೋಗ್ತೀನಾ? ನೀನು ಒತ್ತು ಅಂದ ಕಡೆ ಒತ್ತೀನಿ" ಅಂದಳು. ಒಳಗೊಂದು ಹೊರಗೊಂದು ಇಟ್ಟುಕೊಂಡು ಆಡಿದ ಮಾತಲ್ಲ ಅದು. ಆ ಹೊತ್ತಿನಲ್ಲಿ ಅವಳಿಗೆ ಭೂಮಿಯ ನೆನಪೇ ಇರಲಿಲ್ಲ. ಮಗನ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಳು. ಹುಣಸೆ ಮರ, ಮುನೇಶ್ವರನ ಕಲ್ಲು, ಕೆರೆ ಏರಿ, ಎಲ್ಲವೂ ಒಂದೊಂದಾಗಿ ಪಕ್ಕದಿಂದ ಬಂದು ಕಣ್ಣ ಮುಂದೆ ಹಿಂದಕ್ಕೆ ಸರಿಯುತ್ತಿದ್ದವು. ಅಯ್ಯೋ, ಆ ಕೆರೆ ಏರಿ ಇನ್ನೂ ಅಲ್ಲೇ ಇದೆಯಲ್ಲ ಅಂತ ಅವಳಿಗೆ ಅಳು ಬಂತು.

ಹೊರಡುವಾಗ ಊರ ಬಾಗಿಲಲ್ಲಿ ಯಾರೋ ಕೂಗಿದ್ದರು, "ಏನ್ಲಾ ಕೇಶವ, ಇವತ್ ಯಾವ್ ಕಾಡಲ್ಲಿ ಹೊಡ್ದೆ? ಚರ್ಬಿನೇ ಇಲ್ವಲ್ಲೋ!"

"ನಿಮ್ಮಪ್ಪನ್ ಹೊಡ್ಯಕ್ ಹೋಗಿದ್ದ, ನಾನ್ ಸಿಕ್ದೆ" ಅಂತ ಚೀಲದೊಳಗಿಂದ ಅಕ್ಕಯಮ್ಮನೇ ಜವಾಬು ಕೊಟ್ಟಿದ್ದಳು. ಬಸ್ಸಿನಲ್ಲಿ ತಮಿಳು ಕಂಡಕ್ಟರು "ಎನ್ನಪ್ಪಾ ಇದು, ಲಗೇಜಾ ಟಿಕೆಟ್ಟಾ?" ಅಂತ ಕೇಳಿದ. ಚೆನ್ನಕೇಶವ ಲಗೇಜು ಅಂದ, ಅದು ಅಗ್ಗ. ಇಡೀ ಬಸ್ಸು ನಕ್ಕಿತು, ಅಕ್ಕಯಮ್ಮನೂ ನಕ್ಕಳು.

ಹೊಸೂರಿನಲ್ಲಿ ಏನೇನು ನೋಡಿದಳು! ನೀಲಿ ಅಂಗಿ ತೊಟ್ಟ ಗಂಡಸರು ಸೈಕಲ್ ಮೇಲೆ ಹಿಂಡು ಹಿಂಡಾಗಿ ಹೋಗೋದು, ಶೆಡ್ಡಿನೊಳಗಿಂದ ಸೈರನ್ನು ಕೂಗೋದು, ಮನೆಯಷ್ಟು ದೊಡ್ಡ ಯಂತ್ರ ಹೇರಿಕೊಂಡ ಲಾರಿ. ಮಗ ಟೀ ಅಂಗಡಿಯಲ್ಲಿ ಬೋಂಡ ಕೊಡಿಸಿದ, ಚೀಲವನ್ನು ಬೆಂಚಿನ ಮೇಲೆ ಇಳಿಸಿ ಲೋಟ ಹಿಡಿದು ಕುಡಿಸಿದ. ಮೂಗು ಒರೆಸಿದ. ಅವನಿಗೆ ಎಂಟು ವರ್ಷವಿದ್ದಾಗ ಅವಳು ಒರೆಸಿದ್ದಳು, ಈಗ ಅವನು.

ಆಮೇಲೆ ಕಛೇರಿ. ಗುಮಾಸ್ತ ತಮಿಳಿನವನು, ಮರ್ಯಾದಸ್ಥ. "ವಾಂಗ ಪಾಟಿ", ಬನ್ನಿ ಅಜ್ಜಿ, ಅಂತ ಎದ್ದು ಬಂದು ಅವಳ ಹೆಬ್ಬೆಟ್ಟಿಗೆ ಮಸಿ ಬಳಿದು ಕಾಗದಕ್ಕೆ ಒತ್ತಿಸಿದ. ಒಂದು ಕರಿ ಮಚ್ಚೆ ಬಿತ್ತು. ಗೆರೆ ಇಲ್ಲ. ಇನ್ನೊಂದು ಕೈ, ಅದೂ ಮಚ್ಚೆ. ಹತ್ತು ಬೆರಳೂ ನೋಡಿದ. ಹತ್ತೂ ಸುಲಿದ ಕಡಲೆಬೀಜ. "ರೇಗೈ ವಿಳಲೈಯೇ ಪಾಟಿ" ಅಂತ ತಲೆ ಕೆರೆದುಕೊಂಡ. ರೇಖೆ ಬೀಳುತ್ತಿಲ್ಲ, ಬೀಳದೆ ಪತ್ರ ಆಗೋದಿಲ್ಲ.

ಬೀಳೋದು ಹೇಗೆ? ಮೂವತ್ತೆರಡು ವರ್ಷ ಅಕ್ಕಯಮ್ಮ ಚರಕದ ಮುಂದೆ ಕೂತವಳು. ಕುದಿಯೋ ನೀರಿನಲ್ಲಿ ರೇಷ್ಮೆಗೂಡು ತೇಲಿಬಿಟ್ಟು, ಬೆರಳದ್ದಿ ಎಳೆಯ ತುದಿ ಹುಡುಕಿ ಹಿಡಿಯಬೇಕು. ಬೆಳಗಿನಿಂದ ಸಂಜೆ ತನಕ ಅದೇ. ಆ ನೀರು ಬೆರಳ ತುದಿಯ ಚರ್ಮವನ್ನು ಬೇಯಿಸಿ ಬೇಯಿಸಿ ತೆಗೆಯುತ್ತೆ. ಆ ದುಡಿಮೆಯಲ್ಲೇ ಚೆನ್ನಕೇಶವ ಬೆಳೆದದ್ದು. ಅದನ್ನೆಲ್ಲ ಗುಮಾಸ್ತನಿಗೆ ಹೇಳಿ ಏನು ಪ್ರಯೋಜನ? ಅವನೇ ಪಾಪ ಉಪಾಯ ಹೇಳಿಕೊಟ್ಟ. ಕೈ ನೀರಿಗೆ ಹಾಕಬೇಡಿ, ಕೆಲಸ ಮಾಡಿಸಬೇಡಿ, ಹರಳೆಣ್ಣೆ ಹಚ್ಚಿ. ಇಪ್ಪತ್ತು ದಿನಕ್ಕೆ ಹೊಸ ಚರ್ಮ ಬಂದರೆ ಗೆರೆ ಬಂದೀತು.

ಆ ಇಪ್ಪತ್ತು ದಿನ ಇದೆಯಲ್ಲ, ಅದು ಅಕ್ಕಯಮ್ಮನ ಪಾಲಿಗೆ ಎರಡನೇ ಬಾಣಂತನ. ಕೈ ಒದ್ದೆಯಾಗಬಾರದು ಅಂತ ಮುನಿರತ್ನಮ್ಮನೇ ಮುದ್ದೆ ಮುರಿದು ಬಾಯಿಗಿಟ್ಟಳು. ಮೊದಲು ಎಂಟು ದಿನಕ್ಕೊಮ್ಮೆ ತಲೆಗೆ ನೀರು ಸುರಿಯುತ್ತಿದ್ದವಳು ಈಗ ದಿನಾ ಮೈ ಒರೆಸಿದಳು. ರಾತ್ರಿ ಮಗ ಬಂದು ಒಂದೊಂದೇ ಬೆರಳಿಗೆ ಎಣ್ಣೆ ತೀಡಿ ಹಳೇ ಪಂಚೆ ಹರಿದು ಕಟ್ಟುತ್ತಿದ್ದ. ದೀಪ ಹತ್ತಿರ ಹಿಡಿದು ಹೆಬ್ಬೆಟ್ಟನ್ನು ಹೊರಳಿಸಿ ಹೊರಳಿಸಿ ನೋಡುತ್ತಿದ್ದ, ಹೊಸ ಸಸಿ ಬಂತೋ ಇಲ್ಲವೋ ಅಂತ ಒಟ್ಟಲ ಪಾತಿ ನೋಡಿದ ಹಾಗೆ.

ಅಕ್ಕಯಮ್ಮ ಸುಮ್ಮನಿದ್ದಳೆ? ಎದುರು ಗೋಡೆಯ ತಂಗಿಗೆ ಕೂಗಿ ಕೂಗಿ ಹೇಳಿದಳು.

"ಚಿಕ್ಕತಾಯಿ, ಬೋಂಡ ತಿಂದೆ ಕಣೇ! ನನ್ ಮಗ ಊದಿ ಊದಿ ಟೀ ಕುಡಿಸ್ದ. ಮುಂದಿನ್ ವಾರ ಮತ್ತೆ ಹೋಯ್ತೀವಿ."

"ನಂಗೂ ಒಂದ್ಸಲ ಕೂರ್ಸಾಕೇಳಕ್ಕ. ಹುಣಸೆ ಮರದ ಗಂಟ ಸಾಕು."

"ಯಾಕೆ, ನಿನ್ ಮಗ ಇಲ್ವಾ? ಅವನಿಗೆ ಬೆನ್ನಿಲ್ವಾ? ಎಲ್ರೂ ಕೂರಾಕೆ ಇದೇನು ಧರ್ಮದ ಬಸ್ಸಾ?"

ಚಿಕ್ಕತಾಯಮ್ಮ ಕೋಲಿನ ತುದಿಯಿಂದ ಮಣ್ಣು ಕೆದಕುತ್ತಾ ಕೂತಳು. ಅವಳ ಮಗ ಮೂರು ವರ್ಷದಿಂದ ತಾಯಿಯ ಜತೆ ಮಾತು ಬಿಟ್ಟಿದ್ದ. ಅಕ್ಕನಿಗೆ ಅದು ಗೊತ್ತಿತ್ತು, ಗೊತ್ತಿದ್ದೇ ಚುಚ್ಚಿದ್ದು. ಚುಚ್ಚಿದ ಮೇಲೆ ಒಳಗೊಂದು ತಂಪೂ ಆಯಿತು. ನಾಲ್ಕು ವರ್ಷ ಆ ತಂಗಿ ಕೋಲೂರಿಕೊಂಡು ತನ್ನ ಕಣ್ಣೆದುರೇ ಬೀದಿಕೊನೆ ತನಕ ಹೋಗಿ ಬಂದದ್ದಕ್ಕೆ ಈಗ ಲೆಕ್ಕ ಸರಿಹೋಯಿತು ಅಂದುಕೊಂಡಳು.

ಎರಡನೇ ಸಲ ಕಛೇರಿಗೆ ಹೋದಾಗ ಗೆರೆ ನಸುವಾಗಿ ಮೂಡಿತ್ತು. ಗುಮಾಸ್ತನಿಗೆ ಎಲ್ಲಿಲ್ಲದ ಹುರುಪು. "ಇನ್ನೂ ಹದಿನೈದು ದಿನ, ಖಂಡಿತ ಬರುತ್ತೆ ಪಾಟಿ" ಅಂದ. ವಾಪಸು ಬರುವಾಗ ಚೆನ್ನಕೇಶವ ಹಾಡು ಗುನುಗುತ್ತಿದ್ದ. ಅಕ್ಕಯಮ್ಮ ಚೀಲದಲ್ಲಿ ಕೂತೇ ಕೇಳಿದಳು.

"ಲೋ ಕೇಶವ, ಒತ್ತಿದ್ ಮೇಲೂ ಕರ್ಕೊಂಡ್ ಬತ್ತೀಯೇನ್ಲಾ?"

"ಎಲ್ಲಿಗೆ?"

"ಇಲ್ಲಿಗೇ. ಹಿಂಗೇ."

"ಯಾವ್ ಕೆಲ್ಸಕ್ಕಮ್ಮಾ? ಇನ್ನೊಂದೇ ಒಂದ್ಸಲ. ಆಮೇಲೆ ಈ ಚೀಲಾನ ಅಟ್ಟಕ್ಕೆಸೆದ್ಬುಡ್ತೀನಿ. ನನ್ ಭುಜ ನೋಡು, ಪಟ್ಟಿ ಕೊಯ್ದು ಎಂಗಾಗೈತೆ."

ಕೋಪದಿಂದ ಆಡಿದ ಮಾತಲ್ಲ, ತೀರಾ ಸಹಜವಾಗಿ ಆಡಿದ. ಅದಕ್ಕೇ ಅಕ್ಕಯಮ್ಮ ಅದನ್ನು ನಂಬಿದಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ ಅಂತಾರಲ್ಲ, ಇವನು ಹೊಳೆ ದಾಟೋ ಮೊದಲೇ ಹೇಳಿಬಿಟ್ಟ. ಕಣ್ಣ ಮುಂದೆ ಕೆರೆ ಏರಿ ಹಿಂದಕ್ಕೆ ಹೋಗುತ್ತಿತ್ತು. ಇನ್ನೊಂದೇ ಸಲ ಇದನ್ನು ನೋಡೋದು ಅಂತ ಅವಳು ತಿಳಿದುಕೊಂಡಳು. ಆಮೇಲೆ ಸಾಯೋ ತನಕ ಎದುರು ಮನೆ ಗೋಡೆ.

ಮಾರನೇ ದಿನ ಕೈಗೆ ಕಟ್ಟಿದ್ದ ಬಟ್ಟೆಯನ್ನು ಹಲ್ಲಿನಿಂದ ಬಿಚ್ಚಿ, ಜಗಲಿಯ ಚಪ್ಪಡಿ ಕಲ್ಲಿನ ಅಂಚಿಗೆ ಹೆಬ್ಬೆಟ್ಟು ಇಟ್ಟು ತಿಕ್ಕೋಕೆ ಶುರು ಮಾಡಿದಳು. ಕುಡುಗೋಲು ಮಸೆದ ಹಾಗೆ, ಮೆಲ್ಲಗೆ, ಒಂದೇ ಸಮ. ದಾರಿಯಲ್ಲಿ ಹೋಗೋರಿಗೆ ಮುದುಕಿ ಏನೋ ಜಪ ಮಾಡುತ್ತಿದ್ದಾಳೆ ಅನಿಸಬೇಕು, ಬಾಯಲ್ಲಿ ಶಿವ ಶಿವ. ಚರ್ಮ ಕಿತ್ತು ಉರಿ ನೆತ್ತಿಗೇರಿದರೂ ಬಿಡಲಿಲ್ಲ. ಎರಡೂ ಹೆಬ್ಬೆಟ್ಟು, ಆಮೇಲೆ ಉಳಿದ ಬೆರಳು. ಸಂಜೆ ಸೊಸೆ ಬರೋದರೊಳಗೆ ಬಟ್ಟೆ ಮತ್ತೆ ಸುತ್ತಿಕೊಳ್ಳುತ್ತಿದ್ದಳು. ಈಗೀಗ ಮಗ ಎಣ್ಣೆ ಹಚ್ಚೋ ಹೊತ್ತಿಗೆ ದಣಿದು ಕಣ್ಣು ಮಂಜಾಗಿ ಬಂದಿರುತ್ತಿದ್ದ, ದೀಪ ಹಿಡಿದು ನೋಡೋದನ್ನೂ ಬಿಟ್ಟಿದ್ದ, ಉರಿದರೂ ಇವಳು ತುಟಿ ಎರಡು ಮಾಡುತ್ತಿರಲಿಲ್ಲ. ಮಗ ಎಣ್ಣೆ ಹಚ್ಚಿ ಬೆಳೆಸೋದು, ತಾಯಿ ಕಲ್ಲಿಗೆ ತಿಕ್ಕಿ ಅಳಿಸೋದು. ಥೂ, ಎಂಥ ಬಾಳು ಅನ್ನುತ್ತೀರಿ. ಅವಳಿಗೆ ಅದೇ ಬಾಳಾಗಿತ್ತು.

ಮೂರನೇ ಸಲ ಹೋದರು, ಮಚ್ಚೆ ಬಿತ್ತು. ನಾಲ್ಕನೇ ಸಲ ಹೋದರು, ಮಚ್ಚೆ ಬಿತ್ತು. ಕಛೇರಿಯಲ್ಲಿ ಎಲ್ಲರಿಗೂ ಇವರ ಗುರುತಾಗಿತ್ತು. ಹಸಿರು ಚೀಲ ಬಾಗಿಲಲ್ಲಿ ಕಂಡರೆ ಸಾಕು, "ಚೀಲದ ಪಾಟಿ ಬಂದ್ಲು" ಅಂತ ಜಾಗ ಬಿಡೋರು. ಗುಮಾಸ್ತ ತನ್ನ ಮೇಜಿನ ಬಾಳೆಹಣ್ಣು ಕೊಟ್ಟು ಸಮಾಧಾನ ಮಾಡಿದ. ಅಕ್ಕಯಮ್ಮ ಮುಖ ಸಪ್ಪೆ ಮಾಡಿಕೊಂಡು "ಏನ್ ಮಾಡ್ಲಪ್ಪ, ಹಣೆಬರ" ಅಂದು, ಒಳಗೊಳಗೇ ಬೋಂಡದ ಅಂಗಡಿ ನೆನೆಯುತ್ತಿದ್ದಳು. ಆ ನಾಲ್ಕನೇ ಸಲ ಚೆನ್ನಕೇಶವ ಬೋಂಡ ಕೊಡಿಸಲಿಲ್ಲ. ದೀಪಾವಳಿ ಒಳಗೆ ಆಗದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೀನಿ ಅಂತ ತಿಮ್ಮರಾಯಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಕಂಡುಹಿಡಿದವಳು ಸೊಸೆ. ಜಗಲಿ ಸಾರಿಸುವಾಗ ಚಪ್ಪಡಿಯ ಅಂಚು ಒಂದು ಗೇಣಿನಷ್ಟು ನುಣ್ಣಗೆ ಹೊಳೆಯೋದು ಕಂಡಿತು. ಮೂಸಿ ನೋಡಿದಳು, ಹರಳೆಣ್ಣೆ. ಉಗುರಲ್ಲಿ ಕೆರೆದಳು, ಒಣಗಿದ ರಕ್ತ. ಬಾಯಿ ಬಿಡಲಿಲ್ಲ, ಜಾಣೆ. ಮಾರನೇ ದಿನ ಗಂಡನನ್ನು ಬಾಗಿಲ ಹಿಂದೆ ನಿಲ್ಲಿಸಿದಳು.

ಚೆನ್ನಕೇಶವ ಪೂರ್ತಿ ನೋಡಿದ. ಆಮೇಲೆ ಹೊರಗೆ ಬಂದು ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಏನಮ್ಮಾ ಇದು?"

"ತುರಿಕೆ ಕಣ್ಲಾ."

"ಭೂಮಿ ಕೊಡಾಕ್ ಇಷ್ಟ ಇಲ್ದಿದ್ರೆ ಬಾಯ್ಬಿಟ್ ಹೇಳ್ಬೇಕಾಗಿತ್ತು. ನನ್ ಬೆನ್ ಮುರ್ಸಿದ್ಯಾಕೆ?"

ಅಕ್ಕಯಮ್ಮನಿಗೆ ಇನ್ನು ಮುಚ್ಚಿಡೋಕೆ ಏನೂ ಉಳಿಯಲಿಲ್ಲ. ಅವಳು ಅಳುತ್ತಾ ಹೇಳಿದಳು, "ಭೂಮಿ ತಗೊಂಡೋಗ್ಲಾ, ಯಾರಿಗ್ ಬೇಕು? ಒತ್ತಿದ್ ಮೇಲೆ ನನ್ನ ಯಾರ್ಲಾ ಹೊರ್ತಾರೆ? ತಿಂಗ್ಳಿಗೊಂದ್ಸಲ ಕೆರೆ ಏರಿ ಗಂಟ ಕರ್ಕೊಂಡೋಗು. ಬೋಂಡ ಬ್ಯಾಡ, ಬಸ್ಸು ಬ್ಯಾಡ. ತಿಂಗ್ಳಿಗೊಂದ್ಸಲ."

"ಅಷ್ಟೇನಾ? ಕರ್ಕೊಂಡೋಯ್ತೀನಿ ಬುಡು" ಅಂದ ಮಗ.

ಅವನು ಅಂದ ರೀತಿ ಅವಳಿಗೆ ಗೊತ್ತು. ಹೆತ್ತವಳಲ್ಲವೇ? "ಕರ್ಪೂರ ಹಚ್ಚಿ ಆಣೆ ಮಾಡು" ಅಂದಳು.

ನಮ್ಮ ಕಡೆ ಬಾಯಿಮಾತು ಬೇರೆ, ಕರ್ಪೂರದ ಆಣೆ ಬೇರೆ. ಅಂಗೈ ಮೇಲೆ ಕರ್ಪೂರ ಉರಿಸಿ ಹೇಳಿದ ಮಾತಿಗೆ ತಪ್ಪಿದರೆ ಮನೆಯ ದೀಪ ಆರಿಹೋಗುತ್ತೆ, ಮಕ್ಕಳ ಮೇಲೆ ಬರುತ್ತೆ ಅನ್ನೋ ಹೆದರಿಕೆ. ಮುನಿರತ್ನಮ್ಮ ಒಳಗಿಂದ ಕರ್ಪೂರ ತಂದಳು. ಚೆನ್ನಕೇಶವ ಅದನ್ನು ಅಂಗೈಯಲ್ಲಿಟ್ಟುಕೊಂಡ. ಬೆಂಕಿಪೊಟ್ಟಣ ತೆಗೆದ. ಕಡ್ಡಿ ಗೀರಿದ. ಕಡ್ಡಿ ಬೆರಳ ತನಕ ಉರಿದು ಸುಟ್ಟಿತು, ಎಸೆದ. ಇನ್ನೊಂದು ಗೀರಿದ, ಅದೂ ಹಾಗೇ ಉರಿದುಹೋಯಿತು. ಕೊನೆಗೆ ಕರ್ಪೂರವನ್ನು ಜೇಬಿಗೆ ಹಾಕಿಕೊಂಡು ಎದ್ದ.

"ಇದಕ್ಕೆಲ್ಲ ಆಣೆ ಯಾಕಮ್ಮ" ಅಂತ ಹೊಲದ ಕಡೆ ನಡೆದ. ಮುಂದೆ ಸುಳ್ಳು ಪತ್ರ ಮಾಡಿಸೋಕೆ ಹೆದರದ ಗಂಡಸು ಸುಳ್ಳು ಆಣೆಗೆ ಹೆದರಿದ. ದೇವರು ಮೆಚ್ಚಬೇಕು ಇಂಥ ಭಕ್ತಿಯನ್ನ!

ಅಲ್ಲಿಗೆ ಬಾಣಂತನ ಮುಗಿಯಿತು. ಎಣ್ಣೆ ಇಲ್ಲ, ಬಟ್ಟೆ ಇಲ್ಲ. ಎಂಟು ದಿನ ಯಾರೂ ಅವಳನ್ನು ಮಾತಾಡಿಸಲಿಲ್ಲ. ಒಂಬತ್ತನೇ ದಿನ, ಶುಕ್ರವಾರ, ಬೆಳಬೆಳಗ್ಗೆ ಅವಳನ್ನು ಜಗಲಿಗೆ ಹಾಕಿದ ಮೇಲೆ ಅಟ್ಟದಿಂದ ಚೀಲ ಇಳಿಸಿದ ಸದ್ದು ಕೇಳಿತು. ಹಿತ್ತಾಳೆ ಬಕಲಿನ ಸದ್ದು ಅಕ್ಕಯಮ್ಮನಿಗೆ ನಿದ್ದೆಯಲ್ಲೂ ಗುರುತು. ಮಗನ ಮನಸ್ಸು ಕರಗಿತು ಅಂದುಕೊಂಡಳು. ಎಷ್ಟೆಂದರೂ ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಅಂದುಕೊಂಡಳು. ಉಗುಳು ಹಚ್ಚಿ ಕೂದಲು ನೀವಿಕೊಂಡಳು, ಸೆರಗು ಸರಿಮಾಡಿಕೊಂಡಳು. ಈ ಸಲ ಒತ್ತಿಬಿಡುತ್ತೀನಿ ಶಿವನೇ, ಗೆರೆ ಬಂದರೆ ಒತ್ತಿಬಿಡುತ್ತೀನಿ, ಹಠ ಬೇಡ ಅಂತಲೂ ಅಂದುಕೊಂಡಳು.

ಚೆನ್ನಕೇಶವ ಹೊಸ್ತಿಲು ದಾಟಿ ಬಂದ. ಅಕ್ಕಯಮ್ಮ ಎತ್ತಿಕೊಳ್ಳಲಿ ಅಂತ ಎರಡೂ ಕೈ ಮೇಲೆತ್ತಿದಳು, ಕೂಸು ಎತ್ತೋ ಹಾಗೆ.

ಚೀಲದ ಎರಡು ತೂತಿನಿಂದ ಎರಡು ಕಾಲು ಆಗಲೇ ಇಳಿಬಿದ್ದಿದ್ದವು.

ಚಿಕ್ಕತಾಯಮ್ಮ. ಹಿತ್ತಿಲ ಬಾಗಿಲಿಂದ ಒಳಗೆ ಬಂದು, ಅಕ್ಕ ಹೊಸೂರಿಗೆ ಉಡುತ್ತಿದ್ದ ನೀಲಿ ಸೀರೆ ಉಟ್ಟು, ಅಕ್ಕನ ಹಾಗೇ ತಲೆ ಮೇಲೆ ಸೆರಗು ಹೊದ್ದು, ಮಡಿಲಲ್ಲಿ ಕೈ ಮಡಿಸಿಕೊಂಡು ಕೂತಿದ್ದಳು. ಹುಟ್ಟಿದಾರಭ್ಯ ಮೇಕೆ ಕಾದ ಕೈ, ಬಿಸಿನೀರು ಕಾಣದ ಕೈ. ಅವಳಿಗೆ ಚೆನ್ನಕೇಶವ ದುಡ್ಡು ಕೊಡುತ್ತೀನಿ ಅಂದಿದ್ದನಂತೆ. ಅವಳು ದುಡ್ಡು ಬೇಡ, ಹೊತ್ಕೊಂಡ್ ಹೋಗ್ತೀಯಾ ಅಷ್ಟು ಹೇಳು ಅಂದಿದ್ದಳಂತೆ.

"ಏ ಚಿಕ್ಕತಾಯಿ! ಇಳಿಯೇ! ಅದು ನಂದು ಕಣೇ, ಇಳಿಯೇ ಮುಂಡೆ!" ಅಂತ ಅಕ್ಕಯಮ್ಮ ಕಿರುಚಿದಳು. ಕೈಗೆ ಸಿಕ್ಕ ಚೊಂಬು ತೆಗೆದು ಎಸೆದಳು, ಅದು ಅಂಗಳದಲ್ಲೇ ಬಿತ್ತು. ಚೀಲ ತಿರುವಿನ ತನಕ ಹೋಯಿತು. ಬೆನ್ನು ಕೊಟ್ಟು ಕೂತವಳ ಮುಖ ಇತ್ತ ಕಡೆಗೇ ಇತ್ತು. ತಿರುವಿನಲ್ಲಿ ಚಿಕ್ಕತಾಯಮ್ಮ ಕೈ ಬೀಸಿದಳು. ಸೊಕ್ಕಿಗಲ್ಲ, ಸಂತೋಷ ತಡೆಯಲಾರದೆ. ತಿರುವಿನಾಚೆಯ ಜನ ನೋಡಿದರು, ಅಕ್ಕಯಮ್ಮ ಮತ್ತೆ ಹೊಸೂರಿಗೆ ಹೊರಟಳು ಅಂದುಕೊಂಡರು.

ಇಡೀ ದಿನ ಅಕ್ಕಯಮ್ಮ ನೀರು ಮುಟ್ಟಲಿಲ್ಲ. ಈಗ ಬಸ್ಸು ಹತ್ತಿರಬೇಕು, ಈಗ ಇಳಿದಿರಬೇಕು ಅಂತ ಹೊತ್ತು ನೋಡುತ್ತಾ ಕೂತಳು. ಕಛೇರಿಯಲ್ಲಿ ಗುಮಾಸ್ತ ಹಿಡಿದುಹಾಕಲಿ ಅಂತ ಒಂದು ಸಲ ಬೇಡಿಕೊಂಡಳು. ಹಿಡಿದರೆ ಮಗನನ್ನೇ ಅಲ್ಲವೇ ಜೈಲಿಗೆ ಕಳಿಸೋದು ಅಂತ ನೆನಪಾಗಿ ಬೇಡಿಕೊಂಡದ್ದನ್ನು ವಾಪಸು ತಗೊಂಡಳು. ಹೆತ್ತ ಕರುಳಿಗೆ ಬೆಂಕಿ ಹಾಕ, ಆ ಹೊತ್ತಿನಲ್ಲೂ ಅದು ಅವನ ಕಡೆಗೇ.

ಸಂಜೆ ಐದಕ್ಕೆ ಬಂದರು. ಚೆನ್ನಕೇಶವ ಚೀಲವನ್ನು ಜಗಲಿಯ ಮೇಲೆ, ಅಕ್ಕನ ಪಕ್ಕದಲ್ಲೇ ಇಳಿಸಿದ. ಚಿಕ್ಕತಾಯಮ್ಮನ ಮುಡಿಯಲ್ಲಿ ಒಂದು ಮೊಳ ಕನಕಾಂಬರ. ಕಣ್ಣು ಮಿರಮಿರ ಮಿಂಚುತ್ತಿತ್ತು.

"ಅಕ್ಕಾ, ನೀನ್ ಹೇಳಿದ್ದೆಲ್ಲ ನಿಜ ಕಣಕ್ಕ! ಆ ಸೈರನ್ನು, ಅಬ್ಬಬ್ಬಾ! ನಾನು ಬೆಚ್ಬಿದ್ದೆ."

"ಹೆಬ್ಬೆಟ್ಟು?" ಅಂದಳು ಅಕ್ಕಯಮ್ಮ.

"ಒತ್ತಿದ್ ತಕ್ಷಣ ಬಿತ್ತು. ಆಫೀಸೆಲ್ಲ ಎದ್ ಬಂದ್ಬುಟ್ರು. ಚೀಲದ ಪಾಟಿದು ಬಂದ್ಬುಡ್ತು ಅಂತ ಆ ಗುಮಾಸ್ತ ಚಪ್ಪಾಳೆ ಹೊಡ್ದ ಕಣಕ್ಕ. ಕಾಪಿ ತರ್ಸಿ ಕುಡಿಸ್ದ. ಕಣ್ಣಲ್ಲಿ ನೀರ್ ಹಾಕ್ಕೊಂಡ ಪಾಪ, ಒಳ್ಳೇ ಮನ್ಸ."

ಯಾರೂ ಮುಖ ನೋಡಿರಲಿಲ್ಲ. ಚೀಲ ನೋಡಿದ್ದರು. ನಾಲ್ಕು ಸಲ ಅಕ್ಕಯಮ್ಮನೇ ಕೂತು ಕೂತು ಆ ಚೀಲಕ್ಕೆ ಗುರುತು ಹತ್ತಿಸಿದ್ದಳು. ಒಂದೇ ಅಚ್ಚಿನ ಮುದುಕಿ, ಅದೇ ಸೀರೆ, ಅದೇ ಮಗ. ಅನುಮಾನ ಪಡೋಕೆ ಕಛೇರಿಯವರಿಗೇನು ಹುಚ್ಚೇ?

"ಬರೋ ಶುಕ್ರವಾರನೂ ಕರ್ಕೊಂಡೋಯ್ತೀನಿ ಅಂದವ್ನೆ ನಿನ್ ಮಗ" ಅಂತ ಚಿಕ್ಕತಾಯಮ್ಮ ಮೆಲ್ಲಗೆ ಸೇರಿಸಿದಳು.

"ಆಣೆ ಮಾಡ್ದನೇನೇ?"

"ಆಣೆ ಯಾಕಕ್ಕ? ಬಾಯ್ ತುಂಬ ಅಂದ."

ಅಕ್ಕಯಮ್ಮ ತಂಗಿಯ ಮುಖವನ್ನು ಒಂದು ಗಳಿಗೆ ನೋಡಿದಳು. ಸತ್ಯ ಹೇಳಬಹುದಿತ್ತು. ಹೇಳಲಿಲ್ಲ. "ಹಂಗಾದ್ರೆ ಸರಿ, ಬೆಳಗ್ಗೆ ಬೇಗ ತಲೆಗ್ ನೀರ್ ಹಾಕ್ಕೊಂಡ್ ಕಾಯ್ತಾ ಕೂತ್ಕೊ" ಅಂದಳು. ಚಿಕ್ಕತಾಯಮ್ಮ ನೀಲಿ ಸೀರೆಯಲ್ಲೇ ಕೋಲೂರಿಕೊಂಡು ಬೀದಿ ದಾಟಿದಳು.

ಆಮೇಲೆ ಅಕ್ಕಯಮ್ಮ ಮಗನ ಕಡೆ ತಿರುಗಿದಳು. ಅವನು ಚೀಲದೊಳಗಿನ ಕೌದಿ ತೆಗೆದು ಕೊಡವುತ್ತಿದ್ದ.

"ಕೇಶವ, ನಾನು ಹೇಳ್ಬುಡ್ತೀನಿ ಕಣ್ಲಾ. ಒತ್ತಿದ್ದು ನಾನಲ್ಲ ಅಂತ ಆ ಗುಮಾಸ್ತನ್ ಮುಂದೆ ಹೇಳ್ತೀನಿ. ನನ್ ಕೈ ನೋಡಿದ್ರೆ ಗೊತ್ತಾಗೋಯ್ತದೆ. ಹೇಳ್ಬಾರ್ದು ಅಂದ್ರೆ ತಿಂಗ್ಳಿಗೊಂದ್ಸಲ ನನ್ನ ಹೊತ್ಕೊಂಡೋಗು."

ಇಷ್ಟು ಹೇಳೋಕೆ ಅವಳು ಇಡೀ ದಿನ ಧೈರ್ಯ ಕೂಡಿಸಿದ್ದಳು. ಇದೇ ತನ್ನ ಕೊನೇ ಅಸ್ತ್ರ, ಇದಕ್ಕೆ ಅವನು ಬಗ್ಗಲೇಬೇಕು ಅಂತ ನಂಬಿದ್ದಳು. ಚೆನ್ನಕೇಶವ ಕೌದಿಯನ್ನು ನಿಧಾನವಾಗಿ ಮಡಿಸಿದ. ಅವನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಹೇಳಮ್ಮ" ಅಂದ. "ನಾಳೆ ಬೆಳಗ್ಗೆ ಏಳೂವರೆಗೆ ಬಸ್ಸೈತೆ. ಹೋಗಿ ಹೇಳ್ಬುಟ್ ಬಾ."

ಅಕ್ಕಯಮ್ಮನ ಕಾಲುಗಳು ಜಗಲಿಯ ಮೇಲೆ, ಯಾರೋ ಎಸೆದು ಹೋದ ಹಾಗೆ, ಅವಳ ಮುಂದೆಯೇ ಬಿದ್ದಿದ್ದವು. ಬಸ್ಸು ನಿಲ್ಲೋದು ಹುಣಸೆ ಮರ ದಾಟಿ, ಕೆರೆ ಏರಿ ದಾಟಿ, ಮುಕ್ಕಾಲು ಮೈಲಿ. ಅಲ್ಲಿಗೆ ಅವಳನ್ನು ತಲುಪಿಸೋ ಬೆನ್ನು ಭೂಮಿಯ ಮೇಲೆ ಒಂದೇ ಒಂದಿತ್ತು. ಅದು ಈಗ ಅವಳ ಕಡೆ ತಿರುಗಿ ಒಳಗೆ ಹೋಗುತ್ತಿತ್ತು.

ಮುನಿರತ್ನಮ್ಮ ತಟ್ಟೆ ತಂದು ಅತ್ತೆಯ ಪಕ್ಕದಲ್ಲಿಟ್ಟಳು. ಮುದ್ದೆ, ಹುರುಳಿ ಸಾರು. ಮುರಿದು ಬಾಯಿಗಿಡಲಿಲ್ಲ.

"ಕೈ ಐತಲ್ಲ ಅತ್ತೆ, ತಿನ್ನಿ. ಮಳೆ ಬರಂಗೈತೆ, ನಾನು ರಾಗಿ ಎತ್ಬೇಕು" ಅಂತ ಅಂಗಳಕ್ಕಿಳಿದಳು.

ಸಾರು ಬಿಸಿಯಿತ್ತು, ಚರ್ಮ ಕಿತ್ತ ಬೆರಳಿಗೆ ಖಾರ ಚುರ್ರೆಂದಿತು. ಬೆಳಗಿನಿಂದ ಹಸಿದಿದ್ದಳು, ಹಾಗೇ ತಿಂದಳು.